ಮೋಡದೊಳಗಿನ ಚಪ್ಪಾಳೆ

ಸವಣೂರಿನ ನಮ್ಮ ಓಣಿಯಲ್ಲಿ ಸತ್ತವರು ಸುಲಭಕ್ಕೆ ಬಿಟ್ಟು ಹೋಗುತ್ತಿರಲಿಲ್ಲ. ಒಬ್ಬರ ಮನೆಯ ಅತ್ತೆ ಬಾವಿಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಇನ್ನೊಬ್ಬರ ಮಾವ ನಸುಕಿನಲ್ಲಿ ಬಂದು, ಚಹಾ ಕೇಳಿ ಕುಡಿದು, ಬಾಗಿಲು ಮುಂದೆ ಮಾಡಿಕೊಂಡು ಹೋಗುತ್ತಿದ್ದರು. ಹೆಂಗಸರು ಕಟ್ಟೆಯ ಮೇಲೆ ಕೂತು ಇಂಥವನ್ನೆಲ್ಲ ಹೇಳುವಾಗ ನಾನು ನಡುವೆ ಬಾಯಿ ಹಾಕಿ, “ಹಂಗಾದ್ರ ಆ ಚಾದ ಕಪ್ಪು ಯಾರು ತೊಳದ್ರು?” ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಭಯಕ್ಕಿಂತ ಹೆಚ್ಚಾಗಿ ನನಗೆ ನಗು ಬರುತ್ತಿತ್ತು. ದೊಡ್ಡವಳಾದ ಮೇಲೂ ಆ ನಗು ಹೋಗಲಿಲ್ಲ.

ಆಮೇಲೆ ವಿಮಾನ ನಡೆಸುವುದನ್ನು ಕಲಿತೆ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತ್ತು, ನನಗೆ ಹಟವೂ ಇತ್ತು. ನನ್ನ ಅಪನಂಬಿಕೆ ಅಲ್ಲಿ ಇನ್ನಷ್ಟು ಗಟ್ಟಿಯಾಯಿತು. ಮೋಡದೊಳಗೆ ಹಾರುವುದನ್ನು ಕಲಿಸುವಾಗ ಮೊದಲು ಹೇಳುವ ಪಾಠವೇ ಅದು: ನಿನ್ನನ್ನು ನೀನು ನಂಬಬೇಡ. ಹೊರಗೆ ಏನೂ ಕಾಣದಾದಾಗ ಮನುಷ್ಯನ ಕಿವಿ, ಹೊಟ್ಟೆ, ಬೆನ್ನು ಎಲ್ಲವೂ ಸುಳ್ಳು ಹೇಳುತ್ತವೆ. ವಿಮಾನ ವಾಲಿದ್ದರೂ ನೆಟ್ಟಗೆ ಇದ್ದಂತೆ ಅನಿಸುತ್ತದೆ, ನೆಟ್ಟಗಿದ್ದರೆ ವಾಲಿದಂತೆ. ಆಗ ಎದುರಿನ ಫಲಕದ ಮುಳ್ಳುಗಳನ್ನಷ್ಟೇ ನಂಬಬೇಕು. ನನ್ನ ಸ್ವಭಾವಕ್ಕೆ ಈ ಪಾಠ ಒಪ್ಪಿತ್ತು. ತನ್ನ ಬೆನ್ನನ್ನೇ ನಂಬದವಳು ಬಾವಿಕಟ್ಟೆಯ ಅತ್ತೆಯನ್ನು ನಂಬುತ್ತಾಳೆಯೇ?

ಈಗ ಹೇಳಹೊರಟಿರುವುದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಒಂದು ಸಣ್ಣ ಖಾಸಗಿ ಕಂಪನಿಯಲ್ಲಿ ಪೈಲಟ್ ಆಗಿದ್ದೆ. ಮಳೆಗಾಲದಲ್ಲಿ ಹಾನಗಲ್, ಹಿರೇಕೆರೂರು ಕಡೆಯ ಕೆರೆಗಳು ಎಷ್ಟು ತುಂಬಿವೆ, ಎಲ್ಲಿ ಒತ್ತುವರಿಯಾಗಿವೆ ಎಂದು ಮೇಲಿನಿಂದ ಚಿತ್ರ ತೆಗೆಯುವ ಕೆಲಸ ನಮಗೆ ಸಿಕ್ಕಿತ್ತು. ಈಗ ಅದನ್ನೆಲ್ಲ ಡ್ರೋನ್‌ಗಳು ಮಾಡುತ್ತವೆ. ಆಗ ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಹಳೆಯ ವಿಮಾನ ಮಾಡುತ್ತಿತ್ತು. ಹುಬ್ಬಳ್ಳಿಯಿಂದ ಏರುವುದು, ಕೆರೆಗಳ ಮೇಲೆ ಸುತ್ತು ಹಾಕುವುದು, ತಿರುಗಿ ಹುಬ್ಬಳ್ಳಿಗೆ ಇಳಿಯುವುದು.

ಚಿತ್ರ ತೆಗೆಯಲು ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರು ವೀರಣ್ಣ ಎಂಬ ಸರ್ವೇಯರ್. ಹಾನಗಲ್ಲಿನವರೇ, ಐವತ್ತು ದಾಟಿದ ಮನುಷ್ಯ. ಮಾತು ಬಹಳ. ನಾನು ಸವಣೂರಿನವಳು ಎಂದು ಗೊತ್ತಾದ ದಿನವೇ, “ಅಂದ್ರ ನಮ್ಮವರ ಬಿಡ್ರಿ ಮೇಡಂ. ನಾಳಿ ಬರೂವಾಗ ತಿನ್ನಾಕ ನಿಮ್ಮೂರ ಖಾರಾ ತರೂದು ನಿಮ್ಮ ಪಾಳಿ” ಎಂದಿದ್ದರು. ಕೆರೆ ಕಂಡಾಗಲೆಲ್ಲ ಅದರ ಹೆಸರು, ಅದರ ಕೋಡಿ, ಅಲ್ಲಿ ತಾವು ಈಜಲು ಹೋಗಿ ಹೊಡೆತ ತಿಂದದ್ದು, ಎಲ್ಲ ಹೇಳುತ್ತಿದ್ದರು. ಕಣ್ಣು ಮಾತ್ರ ಕ್ಯಾಮೆರಾದಿಂದ ತೆಗೆಯುತ್ತಿರಲಿಲ್ಲ. ಕ್ಯಾಮೆರಾ ಬಿಟ್ಟು ಬರಿಗಣ್ಣಿನಿಂದ ಕೆಳಗೆ ನೋಡಿದರೆ ತಲೆ ತಿರುಗುತ್ತದೆ ಎಂಬುದು ಅವರ ಗುಟ್ಟು. ಅದು ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಮೋಡಗಳು ಎತ್ತರದಲ್ಲಿದ್ದವು, ಅಲ್ಲಲ್ಲಿ ಬಿಸಿಲು ಬೀಳುತ್ತಿತ್ತು. ಶಿಗ್ಗಾವಿ ದಾಟಿ ಹಾನಗಲ್ಲಿನ ಕೆರೆಗಳನ್ನು ಮುಗಿಸಿದೆವು. ಹಿರೇಕೆರೂರಿನ ದೊಡ್ಡ ಕೆರೆ ತುಂಬಿ ಅಂಚಿಗೆ ಬಂದಿತ್ತು. ಅಕ್ಕನನ್ನು ಕೊಟ್ಟದ್ದು ಹಿರೇಕೆರೂರಿಗೆ. ಆಕೆಯ ಮನೆ ಎಲ್ಲಿದೆ ಎಂದು ನಾನು ಪ್ರತಿಸಲ ಹುಡುಕುತ್ತಿದ್ದೆ, ಪ್ರತಿಸಲ ಬಸ್ ಸ್ಟ್ಯಾಂಡ್ ತನಕ ಗುರುತು ಸಿಕ್ಕು ಮುಂದೆ ತಪ್ಪುತ್ತಿತ್ತು. ರಟ್ಟೀಹಳ್ಳಿಯ ಕಡೆ ಒಂದು ಸುತ್ತು ಹಾಕಿ, ಕೆಲಸ ಮುಗಿಯಿತೆಂದು ಉತ್ತರಕ್ಕೆ ತಿರುಗಿದೆವು.

ತಿರುಗಿದಾಗ ಪಶ್ಚಿಮದ ದಿಕ್ಕು ಬೇರೆಯಾಗಿತ್ತು. ಮಲೆನಾಡಿನ ಕಡೆಯಿಂದ ಮೋಡ ನುಗ್ಗಿ ಬರುತ್ತಿತ್ತು. ಹಾನಗಲ್ಲಿನ ಸಮೀಪಕ್ಕೆ ಬರುವಷ್ಟರಲ್ಲಿ ಅದರ ತಳ ಗುಡ್ಡಗಳ ನೆತ್ತಿಗೆ ಹತ್ತಿತು. ಕೆಳಗೇ ನುಸುಳಿಕೊಂಡು ಹೋಗುವುದು ಅಪಾಯ. ಮೋಡದೊಳಗೆ ಹಾರಲು ನನಗೂ ವಿಮಾನಕ್ಕೂ ಪರವಾನಗಿ ಇತ್ತು. ಹುಬ್ಬಳ್ಳಿ ವಿಮಾನ ನಿಲ್ದಾಣದವರನ್ನು ರೇಡಿಯೋದಲ್ಲಿ ಕೇಳಿ, ಒಪ್ಪಿಗೆ ಪಡೆದು ಮೇಲಕ್ಕೆ ಏರಿದೆ. ಕೆಳಗಿನ ಗೋವಿನಜೋಳದ ಹೊಲಗಳು ಒಮ್ಮೆ ಮಸುಕಾದವು, ಮತ್ತೊಮ್ಮೆ ಕಂಡವು, ಆಮೇಲೆ ಇಲ್ಲವಾದವು. ಗಾಜಿನ ಆಚೆ ಎಲ್ಲ ಕಡೆಗೂ ಒಂದೇ ಬಿಳುಪು.

“ಹತ್ತಿ ಗೋದಾಮಿನ್ಯಾಗ ಕುಂತಂಗ ಆತಲ್ರೀ ಮೇಡಂ,” ಎಂದರು ವೀರಣ್ಣ. ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

“ಹುಬ್ಬಳ್ಳಿ ಹಂತೇಕ ಹೋದ್ರ ಮೋಡ ಬಿಡ್ತೈತಿ. ಆರಾಮ ಕುಂಡ್ರಿ,” ಎಂದೆ. ನಾನೂ ಆರಾಮಾಗಿಯೇ ಇದ್ದೆ.

ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಒಂದು ಗುಂಡು ಉಪಕರಣ ಎದುರಿಗೇ ಇರುತ್ತದೆ. ಅದರಲ್ಲಿ ಮೇಲೆ ನೀಲಿ ಆಕಾಶ, ಕೆಳಗೆ ಕಂದು ನೆಲ, ನಡುವೆ ಒಂದು ಗೆರೆ. ಹೊರಗೆ ದಿಗಂತ ಕಾಣದಿದ್ದಾಗ ಆ ಗೆರೆಯೇ ನಮ್ಮ ದಿಗಂತ. ಎಂಜಿನ್ನಿಗೆ ಜೋಡಿಸಿದ ಒಂದು ಪಂಪು ಗಾಳಿ ಎಳೆದು ಅದನ್ನು ನಡೆಸುತ್ತದೆ. ಆ ಪಂಪು ಆವತ್ತು ಮೋಡದೊಳಗೆ ಕೆಟ್ಟಿತು. ಕೆಟ್ಟಾಗ ಸದ್ದಾಗುವುದಿಲ್ಲ, ಗಂಟೆ ಬಾರಿಸುವುದಿಲ್ಲ. ದಿಗಂತದ ಗೆರೆ, ನಿದ್ದೆ ಹತ್ತಿದವರ ತಲೆಯಂತೆ, ಮೆಲ್ಲಗೆ ಒಂದು ಕಡೆಗೆ ಜೋಲುತ್ತದೆ. ನಾವು ಬಲಕ್ಕೆ ವಾಲಿದ್ದೇವೆ ಎಂದು ಅದು ತೋರಿಸಿತು. ನಾನು ಎಡಕ್ಕೆ ಸರಿಪಡಿಸಿದೆ. ಮತ್ತೆ ಬಲಕ್ಕೆ ಎಂದಿತು. ಮತ್ತೆ ಎಡಕ್ಕೆ ತಂದೆ. ಪ್ರತಿಸಲವೂ ಸ್ವಲ್ಪ ಸ್ವಲ್ಪವೇ.

ಎಂಜಿನ್ನಿನ ದನಿ ಏರಿತು. ವೇಗದ ಮುಳ್ಳು ಮೇಲಕ್ಕೆ ಹೋಗುತ್ತಿತ್ತು, ಎತ್ತರದ ಮುಳ್ಳು ಕೆಳಕ್ಕೆ ಬರುತ್ತಿತ್ತು. ಆಗ ಪಂಪಿನ ಮುಳ್ಳನ್ನು ನೋಡಿದೆ. ಅದು ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು.

ದಿಗಂತದ ಉಪಕರಣ ಸುಳ್ಳು ಎಂದು ತಿಳಿಯಿತು. ಆದರೆ ನಿಜ ಯಾವುದು? ವಿಮಾನ ಯಾವ ಕಡೆಗೆ ತಿರುಗುತ್ತಿದೆ ಎಂದು ತೋರಿಸುವ ಇನ್ನೊಂದು ಮುಳ್ಳಿದೆ. ಅದು ಕರೆಂಟಿನ ಮೇಲೆ ನಡೆಯುವಂಥದು, ಪಂಪಿನ ಹಂಗಿಲ್ಲ. ಅದು ನಾವು ಎಡಕ್ಕೆ ತಿರುಗುತ್ತಿದ್ದೇವೆ ಎಂದು ತೋರಿಸುತ್ತಿತ್ತು. ಬೇರೆ ದಿನವಾಗಿದ್ದರೆ ಅದನ್ನೇ ನಂಬುತ್ತಿದ್ದೆ. ಆದರೆ ಸ್ವಲ್ಪ ದಿನ ಮೊದಲು ಅದೇ ಮುಳ್ಳು ಎಡಕ್ಕೆ ಅಂಟಿಕೊಂಡು ನಿಂತು, ರಿಪೇರಿಯಾಗಿ ಬಂದಿತ್ತು. ಈಗಲೂ ಅಂಟಿಕೊಂಡಿದೆಯೋ ಏನೋ! ದಿಕ್ಸೂಚಿ ಕುಲುಕಾಟಕ್ಕೆ ಆಚೀಚೆ ಹೊಯ್ದಾಡುತ್ತಿತ್ತು. ನನ್ನ ಮೈಯಂತೂ ಬಲಕ್ಕೆ ಬೀಳುತ್ತಿದ್ದೀ, ಬಲಕ್ಕೆ ಬೀಳುತ್ತಿದ್ದೀ ಎಂದು ಕಿರುಚುತ್ತಿತ್ತು. ರೇಡಿಯೋ ಸರಿಯಿತ್ತು. ಆದರೆ ನನ್ನ ರೆಕ್ಕೆ ಯಾವ ಕಡೆಗೆ ವಾಲಿದೆ ಎಂದು ಹುಬ್ಬಳ್ಳಿಯಲ್ಲಿ ಕೂತವರು ಹೇಗೆ ಹೇಳಿಯಾರು?

ವಿಮಾನ ಸುತ್ತುತ್ತ ಕೆಳಗಿಳಿಯುತ್ತಿದೆ ಎನ್ನುವುದು ಖಚಿತವಿತ್ತು. ಎಡಕ್ಕೋ ಬಲಕ್ಕೋ ಎನ್ನುವುದಷ್ಟೇ ಪ್ರಶ್ನೆ. ವಾಲಿದ ಕಡೆಗೇ ಇನ್ನೂ ವಾಲಿಸಿದರೆ ಮುಗಿಯಿತು. ಕೆಳಗೆ ಗುಡ್ಡಗಳಿದ್ದವು. ಪಕ್ಕದಲ್ಲಿ ಒಬ್ಬ ಸಂಸಾರಸ್ಥ ನನ್ನನ್ನು ನಂಬಿ ಕೂತಿದ್ದ.

ಆಗ ಚಪ್ಪಾಳೆ ಕೇಳಿಸಿತು.

ಒಂದು ಗಟ್ಟಿಯಾಗಿ, ಸ್ವಲ್ಪ ಬಿಟ್ಟು ಎರಡು ಬೇಗ ಬೇಗ. ಅಂಗೈಗಳನ್ನು ಗುಳಿ ಮಾಡಿ ಹೊಡೆಯುವ, ತುಂಬಿದ ಸದ್ದಿನ ಚಪ್ಪಾಳೆ. ಮತ್ತೆ ಅದೇ: ಒಂದು, ಆಮೇಲೆ ಎರಡು.

ನನ್ನವ್ವನ ಬಗ್ಗೆ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ನಿಮಗೆ ಇದು ಅರ್ಥವಾಗುವುದಿಲ್ಲ. ಅವ್ವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಇರಲಿಲ್ಲ. ಸವಣೂರಿನ ವೀಳ್ಯದ ಎಲೆತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ಚೊಗಚಿ, ನುಗ್ಗೆ ಗಿಡಗಳಿಗೆ ಎಲೆಬಳ್ಳಿ ಹಬ್ಬಿ, ಹಾಡುಹಗಲಲ್ಲೂ ತೋಟದೊಳಗೆ ಹಸಿರು ಕತ್ತಲೆ. ಸಣ್ಣ ಮಕ್ಕಳು ಸಾಲುಗಳ ನಡುವೆ ಓಡಿದರೆ ಎತ್ತ ಬಂದೆವು, ಎತ್ತ ಹೋಗಬೇಕು ತಿಳಿಯುತ್ತಿರಲಿಲ್ಲ. ಬೇರೆ ತಾಯಂದಿರು ಹೆಸರು ಹಿಡಿದು ಕೂಗುತ್ತಿದ್ದರು. ಅವ್ವ ಚಪ್ಪಾಳೆ ಹೊಡೆಯುತ್ತಿದ್ದಳು. ತಾನು ಹೊಡೆದ ಚಪ್ಪಾಳೆ ಎಷ್ಟು ದೂರ ಹೋಗುತ್ತದೆ ಎಂದು ಆಕೆಗೆ ತಿಳಿಯುವ ಬಗೆಯೇ ಇರಲಿಲ್ಲ. ಅದಕ್ಕೇ ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆಯುತ್ತಿದ್ದಳು. ಒಂದು, ಆಮೇಲೆ ಎರಡು. ಓಣಿಯವರಿಗೆಲ್ಲ ಅದರ ಗುರುತಿತ್ತು. “ನಿಮ್ಮವ್ವ ಕರ್ಯಾಕತ್ತಾಳ, ಓಡ್ರಿ,” ಎಂದು ಪಕ್ಕದ ಮನೆಯ ಮೆಹಬೂಬಿ ಕಾಕಿ ಆಟದ ನಡುವಿನಿಂದ ನಮ್ಮನ್ನು ಎಬ್ಬಿಸಿ ಕಳಿಸುತ್ತಿದ್ದಳು.

ಬೇರೆಯವರಿಗೆ ತೀರಿಹೋದ ತಾಯಿಯ ದನಿ ನೆನಪಿರುತ್ತದೆ. ಈಗಂತೂ ಫೋನಿನಲ್ಲಿ ಹಿಡಿದಿಟ್ಟುಕೊಂಡಿರುತ್ತಾರೆ. ನನಗೆ ಇದ್ದದ್ದು ಆ ಚಪ್ಪಾಳೆ. ನಾನು ಮೊದಲ ಸಲ ವಿಮಾನ ಹತ್ತುವ ಹೊತ್ತಿಗೆ ಅವ್ವ ಇರಲಿಲ್ಲ.

ಸದ್ದು ಹೆಡ್‌ಸೆಟ್ಟಿನೊಳಗಿಂದ ಬರಲಿಲ್ಲ. ಎಂಜಿನ್ನಿನ ಅಬ್ಬರದ ಮೇಲೇರಿಯೂ ಬರಲಿಲ್ಲ. ಎಂಜಿನ್ ತನ್ನ ಪಾಡಿಗೆ ಇತ್ತು, ಚಪ್ಪಾಳೆ ತನ್ನ ಪಾಡಿಗೆ ಬೇರೆಯಾಗಿ, ಸ್ಪಷ್ಟವಾಗಿ, ತೋಟದ ಆಚೆಯ ಬದುವಿನಿಂದ ಬಂದಂತೆ ಕೇಳುತ್ತಿತ್ತು. ಮತ್ತು ಅದು ನನ್ನ ಎಡಗಡೆಯ ಕಿಟಕಿಯ ಆಚೆ, ತುಸು ತಗ್ಗಿನಿಂದ ಬರುತ್ತಿತ್ತು.

ಆ ಗಳಿಗೆಯಲ್ಲಿ ನನಗೆ ಹೆದರಿಕೆಯಾಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಇದನ್ನು ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಒಂದೇ ವಿಚಾರ ಬಂತು. ಅವ್ವ ನಿಲ್ಲುವುದು ನೆಲದ ಮೇಲೆ. ಹಾಗಾದರೆ ನೆಲ ಎಡಕ್ಕಿದೆ. ಅಂದರೆ ನಾವು ಎಡಕ್ಕೆ ವಾಲಿದ್ದೇವೆ.

ಎಂಜಿನ್ ತಗ್ಗಿಸಿ ವಿಮಾನವನ್ನು ಬಲಕ್ಕೆ ಹೊರಳಿಸಿದೆ. ನನ್ನ ಮೈಯ ಒಂದೊಂದು ನರವೂ ತಪ್ಪು, ತಪ್ಪು ಎಂದು ಹೇಳುತ್ತಿತ್ತು. ಬಲಕ್ಕೆ ಮಗುಚಿ ಬೀಳುತ್ತಿದ್ದೇನೆ ಎಂದೇ ಅನಿಸಿತು. ಆದರೆ ನಾನು ಹೊರಳಿಸುತ್ತ ಹೋದಂತೆ ಚಪ್ಪಾಳೆಯ ಸದ್ದು ಸರಿಯಿತು. ಕಿಟಕಿಯಿಂದ ಬಾಗಿಲ ಕೆಳಗೆ ಇಳಿಯಿತು. ಅಲ್ಲಿಂದ ನನ್ನ ಸೀಟಿನ ಕೆಳಗೆ ಬಂತು. ಕಾಲಡಿಯ ತಗಡಿನ ಆಚೆ, ನೇರ ಕೆಳಗೆ ಬಂದು ನಿಂತಾಗ ಕೈ ನಿಲ್ಲಿಸಿದೆ. ವೇಗದ ಮುಳ್ಳು ಏರುವುದನ್ನು ನಿಲ್ಲಿಸಿತು. ಮೂತಿಯನ್ನು ಮೆಲ್ಲಗೆ ಎತ್ತಿದೆ. ಎತ್ತರದ ಮುಳ್ಳೂ ನಿಂತಿತು. ತಿರುವಿನ ಮುಳ್ಳು ನಡುವಿಗೆ ಬಂದಿತ್ತು. ಅದು ಕೆಟ್ಟಿರಲಿಲ್ಲ. ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು.

ಸುಳ್ಳು ಹೇಳುವ ದಿಗಂತದ ಉಪಕರಣದ ಮೇಲೆ ವೀರಣ್ಣನವರ ಕರವಸ್ತ್ರ ಇಸಿದುಕೊಂಡು ಸಿಕ್ಕಿಸಿದೆ. ಕಣ್ಣಿಗೆ ಬಿದ್ದರೆ ಅದನ್ನೇ ನಂಬುವ ಚಟ ನಮ್ಮದು. ಆಮೇಲೆ ಹುಬ್ಬಳ್ಳಿಗೆ ತೊಂದರೆ ತಿಳಿಸಿದೆ. ಅವರು ಉಳಿದ ವಿಮಾನಗಳನ್ನು ದೂರವಿಟ್ಟು ನನಗೆ ದಾರಿ ಮಾಡಿಕೊಟ್ಟರು. ತಿರುವಿನ ಮುಳ್ಳು, ದಿಕ್ಸೂಚಿ, ಗಡಿಯಾರ ಇಷ್ಟನ್ನೇ ಹಿಡಿದು ಹಾರುತ್ತ ಹೋದೆ. ಚಪ್ಪಾಳೆ ನಿಂತಿರಲಿಲ್ಲ. ಕಾಲಡಿಯಲ್ಲಿ, ಒಂದೇ ಹದದಲ್ಲಿ ಬರುತ್ತಲೇ ಇತ್ತು. ಗಾಳಿಗೆ ವಿಮಾನ ಒಂದಿಷ್ಟು ವಾಲಿದರೆ ಸದ್ದು ಆ ಕಡೆಗೆ ಸರಿಯುತ್ತಿತ್ತು. ಮುಳ್ಳು ಹೇಳುವ ಮೊದಲೇ ನನಗೆ ತಿಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಹಾರಿದೆನೋ ಹೇಳಲಾರೆ. ಆ ಹೊತ್ತು ಮುಗಿಯದಿರಲಿ ಎಂದು ಒಳಗೊಳಗೇ ಅನಿಸತೊಡಗಿತ್ತು.

ಮೋಡ ಒಮ್ಮೆಲೇ ತೆಳುವಾಗಿ ಹರಿಯಿತು. ಕೆಳಗೆ ಶಿಗ್ಗಾವಿಯ ಹೆದ್ದಾರಿ, ತೊಯ್ದು ಹೊಳೆಯುತ್ತಿತ್ತು. ಅದರ ಮೇಲೆ ಸಾಲಾಗಿ ಲಾರಿಗಳು. ಹಸಿರು ಹೊಲ, ಕೆಂಪು ಹೆಂಚು, ಎಲ್ಲವೂ ಇರಬೇಕಾದಲ್ಲಿ ಇದ್ದವು. ಪೂರ್ವಕ್ಕೆ ಸವಣೂರು ಮಳೆಯ ಮಬ್ಬಿನಲ್ಲಿತ್ತು.

ಚಪ್ಪಾಳೆ ನಿಂತಿತ್ತು.

ನಾನು ಕಿವಿಗೊಟ್ಟೆ. ಎಂಜಿನ್ ಬಿಟ್ಟರೆ ಏನೂ ಇಲ್ಲ. ಮುಂದೆ ಮಾಡಿದ್ದನ್ನು ಯಾವ ಪೈಲಟ್ಟನ ಮುಂದೆಯೂ ಹೇಳಿಕೊಂಡಿಲ್ಲ. ಹುಬ್ಬಳ್ಳಿಯ ತನಕ ದಾರಿ ಸ್ವಚ್ಛವಾಗಿ ಕಾಣುತ್ತಿತ್ತು, ಜೀವ ಉಳಿದಿತ್ತು. ಆದರೂ ನನ್ನ ಕೈ ವಿಮಾನದ ಮೂತಿಯನ್ನು ಮೇಲಕ್ಕೆ ಎತ್ತುತ್ತಿತ್ತು, ಈಗಷ್ಟೇ ಪಾರಾಗಿ ಬಂದ ಆ ಬಿಳುಪಿನ ಕಡೆಗೆ. ಇನ್ನೊಂದು ಸಲ ಕೇಳಿದರೆ ಸಾಕು ಅನಿಸಿತ್ತು. ಒಂದೇ ಒಂದು ಸಲ.

“ಮೇಡಂ,” ವೀರಣ್ಣನವರ ದನಿ ಹೆಡ್‌ಸೆಟ್ಟಿನಲ್ಲಿ ಬಂತು. “ಮ್ಯಾಲ ಯಾಕ್ರೀ? ದಾರಿ ಕೆಳಗ ಐತೆಲ್ರೀ.”

ಆ ಮಾತಿಗೆ ಎಚ್ಚರವಾಯಿತು. ಮೂತಿ ಇಳಿಸಿದೆ. ಹುಬ್ಬಳ್ಳಿಯಲ್ಲಿ ಇಳಿದದ್ದು ಎಂದಿನ ಹಾಗೆಯೇ. ಎಂಜಿನ್ ಆರಿಸಿದ ಮೇಲೆ ವೀರಣ್ಣ ಬಹಳ ಹೊತ್ತು ಸೀಟಿನಿಂದ ಏಳಲಿಲ್ಲ. ಎದ್ದ ಮೇಲೆ ನನ್ನ ಮುಖ ನೋಡಿ ಏನೋ ಹೇಳಲು ಹೋಗಿ ಸುಮ್ಮನಾದರು. “ಬರ್ತೇನ್ರಿ,” ಎಂದಷ್ಟೇ ಹೇಳಿ ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಅಷ್ಟು ಮಾತಿನ ಮನುಷ್ಯ ಹಾಗೆ ಹೋದದ್ದು ಹೆದರಿಕೆಗೆ ಎಂದುಕೊಂಡೆ.

ನಮ್ಮ ವಿಮಾನ ನೋಡಿಕೊಳ್ಳುವ ಇಂಜಿನಿಯರ್ ಪಂಪನ್ನು ಬಿಚ್ಚಿದ. ಒಳಗಿನ ದಂಡ ಮುರಿದಿತ್ತು. ನಾನು ಅವನಿಗೆ, “ಹಾರುವಾಗ ಕೆಳಗೆ ಏನೋ ಬಡಿಯುವ ಸದ್ದು ಬರುತ್ತಿತ್ತು, ನೋಡು,” ಎಂದೆ. ಸೀಟಿನ ಬೆಲ್ಟು ಬಾಗಿಲಿಗೆ ಸಿಕ್ಕಿ ಹೊರಗೆ ಜೋತುಬಿದ್ದರೆ ಅದರ ಬಕ್ಕಲು ಗಾಳಿಗೆ ತಗಡಿನ ಮೇಲೆ ಬಡಿದು ಭಾರಿ ಸದ್ದು ಮಾಡುತ್ತದೆ. ಪೈಲಟ್‌ಗಳಿಗೆಲ್ಲ ಇದು ಗೊತ್ತಿರುವ ಸಂಗತಿ. ಅವನು ಬೆಲ್ಟು ನೋಡಿದ, ಬಾಗಿಲು ನೋಡಿದ, ಹೊಟ್ಟೆಯ ಕೆಳಗೆ ಅಂಗಾತ ಮಲಗಿ ತಗಡುಗಳನ್ನೆಲ್ಲ ಗುದ್ದಿ ನೋಡಿದ. ಎಲ್ಲವೂ ಬಿಗಿಯಾಗಿದ್ದವು. ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ. ಇದ್ದಿದ್ದರೂ ನನ್ನ ಪ್ರಶ್ನೆ ತೀರುತ್ತಿರಲಿಲ್ಲ. ವಿಮಾನಕ್ಕೆ ಬಡಿಯುವ ವಸ್ತು ವಿಮಾನದ ಜೊತೆಗೇ ವಾಲುತ್ತದೆ. ಬಾಗಿಲಲ್ಲಿ ಹುಟ್ಟಿದ ಸದ್ದು ಬಾಗಿಲಲ್ಲೇ ಇರಬೇಕು. ಅದು ಕಾಲಡಿಗೆ ಹೇಗೆ ಇಳಿದು ಬಂತು?

ಮುಂದಿನ ರಜೆಗೆ ಹಿರೇಕೆರೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತ ಕೂತಿದ್ದಳು. ನಾನೂ ಕೂತು ಸುಲಿಯುತ್ತ ಎಲ್ಲ ಹೇಳಿದೆ. ನಗುತ್ತಾಳೆ ಇಲ್ಲವೇ ಹೆದರುತ್ತಾಳೆ ಎಂದುಕೊಂಡಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ. ಕೈಯಲ್ಲಿದ್ದ ತೆನೆಯನ್ನು ಹಾಗೇ ಹಿಡಿದುಕೊಂಡು, “ಖರೇನ? ಆಕೀದ?” ಎಂದಳು.

“ಒಂದು, ಆಮ್ಯಾಲ ಎರಡು,” ಎಂದೆ.

ಅಕ್ಕ ತೆನೆಯನ್ನು ಕೆಳಗಿಟ್ಟಳು. “ಊರಿಗೆ ಹೋದಾಗೆಲ್ಲ ನಾ ಎಲಿತ್ವಾಟದ ಬದುವಿನ ಮ್ಯಾಲ ನಿಂತು ಬರ್ತೇನಿ, ಗೊತ್ತೈತೇನ ನಿನಗ? ಸುಮ್ಮ ನಿಂದರ್ತೇನಿ. ಒಂದರ ಸಲ ಕೇಳಿಸ್ತೈತೇನೋ ಅಂತ. ಇವರು ಕೇಳಿದ್ರ ಎಲಿ ತರಾಕ ಹೋಗಿದ್ದೆ ಅಂತೇನಿ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕಡೀ ದಿನದಾಗ ಆಕಿ ಕೈ ಎತ್ತಾಕ ಆಗ್ತಿದ್ದಿಲ್ಲ. ನಾ ಎರಡೂ ಕೈ ಹಿಡಕೊಂಡು ಕುಂತಿರ್ತಿದ್ದೆ. ನನಗೊಂದ ಸಲ ಕರೀಲಿಲ್ಲ ನೋಡು. ಎಲ್ಲೋ ಮುಗಲಾಗ ಇದ್ದಾಕಿನ್ನ ಕರದಾಳ.”

“ನಾ ದಾರಿ ತಪ್ಪಿದ್ದೆ ಅಕ್ಕ. ನೀ ತಪ್ಪಿಲ್ಲಲ್ಲ,” ಎಂದೆ.

“ನಿನಗೇನ ಗೊತ್ತು,” ಎಂದಳು ಅಕ್ಕ. ತೆನೆಗಳು ಮುಗಿಯುವ ತನಕ ಸುಲಿದೆವು. ಏಳುವ ಮೊದಲು ಅಕ್ಕ, “ಹೆಂಗ ಕೇಳ್ತಿತ್ತು, ಒಮ್ಮೆ ಹೊಡದು ತೋರ್ಸು,” ಎಂದಳು. ಹೊಡೆದು ತೋರಿಸಿದೆ. ಆಕೆ ತಲೆಯಾಡಿಸಿದಳು. “ಅಲ್ಲ. ಇನ್ನೂ ಗಟ್ಟಿ ಇರ್ತಿತ್ತು ಆಕೀದು.” ತಾನೂ ಹೊಡೆದು ನೋಡಿದಳು. ಅದೂ ಆಗಿರಲಿಲ್ಲ. ನಾವಿಬ್ಬರೂ ಅಂಗಳದಲ್ಲಿ ಕೂತು ಅಂಗೈ ಕೆಂಪಾಗುವ ತನಕ ಹೊಡೆದು ನೋಡಿದೆವು. ಭಾವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಒಳಗೆ ಹೋದರು. ಒಮ್ಮೆಯೂ ಅವ್ವನ ಚಪ್ಪಾಳೆ ಬರಲಿಲ್ಲ.

ನನ್ನ ಪರಿಚಯದ ಒಬ್ಬ ಡಾಕ್ಟರರಿಗೆ ಹೇಳಿದಾಗ ಅವರು ಒಂದು ವಿವರಣೆ ಕೊಟ್ಟರು. ತಿರುವಿನ ಮುಳ್ಳನ್ನು ನನ್ನ ಕಣ್ಣು ನೋಡಿತ್ತು, ಅದು ನಿಜವೆಂದು ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಧೈರ್ಯವಿರಲಿಲ್ಲ. ಅದಕ್ಕೇ ಮನಸ್ಸು ಆ ಮುಳ್ಳಿನ ಮಾತನ್ನು ನಾನು ಎಂದೂ ಅನುಮಾನಿಸದವರ ಕೈಯಿಂದ ಹೇಳಿಸಿತು ಎಂದರು. ಒಳ್ಳೆಯ ವಿವರಣೆ. ಇದಕ್ಕಿಂತ ಒಳ್ಳೆಯದು ನನಗೂ ಹೊಳೆದಿಲ್ಲ. ನನ್ನ ಹಳೆಯ ಬುದ್ಧಿ ಅದನ್ನು ಒಪ್ಪುತ್ತದೆ. ಆದರೆ ಮುಳ್ಳು ಅಲುಗುವ ಮೊದಲೇ ಸದ್ದು ಸರಿಯುತ್ತಿತ್ತಲ್ಲ ಎಂದಾಗ ಅವರು, “ಹಾಗೆ ಅನಿಸಿರಬೇಕು,” ಎಂದರು. ಇರಬಹುದು. ಅನಿಸಿದ್ದಕ್ಕೂ ಆದದ್ದಕ್ಕೂ ನಡುವೆ ಗೆರೆ ಎಳೆಯಲು ನಾನು ಆಮೇಲೆ ಎಷ್ಟೋ ಸಲ ಕೂತಿದ್ದೇನೆ. ಎಳೆಯಲಾಗಿಲ್ಲ.

ಆಮೇಲೆಯೂ ಮೋಡದೊಳಗೆ ಎಷ್ಟೋ ಸಲ ಹಾರಿದೆ. ಬಿಳುಪು ಕವಿದ ಕೂಡಲೇ ಕಿವಿ ತಾನಾಗಿ ಕೆಳಗೆ ಹೋಗುತ್ತದೆ. ಈಗ ನಾನು ಬೇರೆಯವರಿಗೆ ಹಾರಲು ಕಲಿಸುತ್ತೇನೆ. ಮೈಯನ್ನು ನಂಬಬೇಡಿ, ಮುಳ್ಳುಗಳನ್ನು ನಂಬಿ ಎಂದು ಅದೇ ಪಾಠ ಹೇಳುತ್ತೇನೆ. ಹೇಳುವಾಗ ದನಿ ನಡುಗದಂತೆ ನೋಡಿಕೊಳ್ಳುತ್ತೇನೆ. ಚಪ್ಪಾಳೆ ಮತ್ತೆ ಕೇಳಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ. ಹೋದ ವರ್ಷ ಯಾವುದೋ ಕೆಲಸಕ್ಕೆ ಹಾನಗಲ್ಲಿಗೆ ಹೋದಾಗ ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ವೀರಣ್ಣ ಸಿಕ್ಕರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತು ಮೊದಲಿನಷ್ಟೇ. ಬಿಡದೆ ಕೂರಿಸಿಕೊಂಡು ರೊಟ್ಟಿ ಊಟ ಮಾಡಿಸಿದರು. ಊಟ ಮುಗಿದು ಮಜ್ಜಿಗೆ ಬಂದಾಗ ನಾನೇ ಆ ದಿನದ ಮಾತು ತೆಗೆದೆ. ಚಪ್ಪಾಳೆಯ ಸಂಗತಿ ಹೇಳಲಿಲ್ಲ. ಮೋಡದೊಳಗೆ ಏನಾದರೂ ಸದ್ದು ಕೇಳಿತ್ತೇ ಎಂದಷ್ಟೇ ಕೇಳಿದೆ.

“ನನಗೇನೂ ಕೇಳ್ಲಿಲ್ರಿ. ಎಂಜಿನ್ ಸಪ್ಪಳ ಅಷ್ಟ,” ಎಂದರು. ಆಮೇಲೆ ಲೋಟವನ್ನು ಕೆಳಗಿಟ್ಟು, ಅನುಮಾನಿಸುತ್ತ ನನ್ನ ಮುಖ ನೋಡಿದರು. “ಆದ್ರ ಮೇಡಂ, ಸಿಟ್ಟಾಗೂದಿಲ್ಲ ಅಂದ್ರ ಒಂದ ಮಾತು ಕೇಳ್ತೇನಿ. ಅವತ್ತ ಕೇಳಬೇಕು ಅಂದ್ಕೊಂಡೆ, ಬಾಯಿ ಬರಲಿಲ್ಲ. ಅವತ್ತು ನೀವು ಯಾರ ಕೂಡ ಮಾತಾಡಾಕತ್ತಿದ್ರಿ?”

“ಹುಬ್ಬಳ್ಳಿಯವರ ಕೂಡ. ರೇಡಿಯೋದಾಗ.”

“ಅದಲ್ರಿ. ಅದು ಇಂಗ್ಲಿಷಿನ್ಯಾಗ. ಅದಕ್ಕ ಮೊದಲ. ವಿಮಾನ ಒಂದು ನಮೂನಿ ಹೊಳ್ಳಿತಲ್ಲ, ಆವಾಗಿನಿಂದ. ‘ಬಂದೆ’ ಅಂತಿದ್ರಿ. ‘ಬಂದೆ ಅವ್ವಾ, ಬಂದೆ’ ಅಂತ. ಸಣ್ಣ ಹುಡುಗರು ಆಟ ಬಿಟ್ಟು ಬರೂವಾಗ ಅಂತಾರಲ್ಲ, ಹಂಗ. ನನ್ನ ಹೆಡ್‌ಸೆಟ್ಟಿನ್ಯಾಗ ಸಾಫ್ ಕೇಳ್ತಿತ್ತು. ನೀವು ನಗಾಕತ್ತಿದ್ರಿ ಮೇಡಂ. ಮೋಡ ಹರಿಯೂ ತನಕ ಅದನ್ನ ಅಂತಿದ್ರಿ.”

ನನಗೆ ಅದರ ನೆನಪು ಒಂದಿಷ್ಟೂ ಇಲ್ಲ. ಮುಳ್ಳುಗಳು ನೆನಪಿವೆ, ಕರವಸ್ತ್ರದ ಅಂಚಿನ ಬಣ್ಣ ನೆನಪಿದೆ, ನಾನು ಮಾತಾಡಿದ್ದು ನೆನಪಿಲ್ಲ. ವೀರಣ್ಣ ಸುಳ್ಳು ಹೇಳುವವರಲ್ಲ, ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದೂ ಇರಲಿಲ್ಲ. ಅವರಿಗೆ ನನ್ನವ್ವ ಎಂಥವಳೆಂದು ಗೊತ್ತೂ ಇರಲಿಲ್ಲ.

ನಮ್ಮ ಮನೆಯಲ್ಲಿ ಯಾರೂ “ಬಂದೆ” ಎನ್ನುತ್ತಿರಲಿಲ್ಲ. ಹಾಗೆ ಹೇಳಿ ಏನು ಉಪಯೋಗ? ಅವ್ವ ಚಪ್ಪಾಳೆ ಹೊಡೆದರೆ ಓಡಿ ಹೋಗಿ ಆಕೆಯ ಕಣ್ಣೆದುರು ನಿಲ್ಲಬೇಕು. ನಾವು ಕಾಣುವ ತನಕ ಆಕೆ ಹೊಡೆಯುತ್ತಲೇ ಇರುತ್ತಿದ್ದಳು. ಅಕ್ಕನಾಗಲಿ ನಾನಾಗಲಿ ಆಕೆಗೆ ಬಾಯಿಬಿಟ್ಟು ಓ ಎಂದದ್ದಿಲ್ಲ. ಹುಟ್ಟಿದಾರಭ್ಯ ಹೇಳದ ಮಾತನ್ನು ಆವತ್ತು ಯಾಕೆ ಹೇಳಿದೆ, ಯಾರು ಹೇಳಿಸಿದರು, ನನಗೆ ತಿಳಿಯದು.

ಚಪ್ಪಾಳೆ ಎಲ್ಲಿಂದ ಬಂತು ಎಂದು ಈಗ ನಾನು ಬಹಳ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೆ ಡಾಕ್ಟರರು ಹೇಳಿದ್ದೇ ಕಾರಣವಿದ್ದೀತು, ಬೇರೆಯದೂ ಇದ್ದೀತು. ಆದರೆ ಮೋಡ ಕಂಡಾಗಲೆಲ್ಲ ಒಂದು ಮಾತು ಕೇಳಬೇಕೆನಿಸುತ್ತದೆ, ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ. ಮೋಡ ಹರಿದ ಕೂಡಲೇ ಚಪ್ಪಾಳೆ ನಿಂತಿತಲ್ಲ, ಅದು ನಾನು ಆಕೆಯ ಕಣ್ಣಿಗೆ ಕಂಡೆನೆಂದೋ, ಇಲ್ಲ ನಾನು ಅಂದದ್ದು ಆಕೆಗೆ ಕೇಳಿಸಿತೆಂದೋ?